ರೌಟರ್ ಬೆನ್ನಿಗಂಟಿದ ಚೀಟಿ

ಕಳೆದ ದೀಪಾವಳಿಗೆ ಹಾಸನಕ್ಕೆ ಹೋದಾಗ ಬ್ಯಾಗ್ ಕೆಳಗಿಡುವ ಮೊದಲೇ ಅಪ್ಪ ಹೇಳಿದ್ದು ಒಂದೇ ಮಾತು: “ನೆಟ್ ಸರಿಯಾಗಿ ಬರ್ತಾ ಇಲ್ಲ ಕಣೋ, ಸ್ವಲ್ಪ ನೋಡು.” ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮಕ್ಕಳಿಗೆಲ್ಲ ಹಬ್ಬ ಶುರುವಾಗೋದೇ ಹೀಗೆ. ಎಣ್ಣೆಸ್ನಾನ ಆಮೇಲೆ, ಮೊದಲು ರೌಟರ್.

ಟಿವಿ ಹಿಂದೆ ಧೂಳು ಹಿಡಿದು ಕೂತಿದ್ದ ಆ ಡಬ್ಬಿಯನ್ನು ಮಗುಚಿ ನೋಡಿದೆ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮೂರು ಸಾಲು. ವಿಳಾಸ 192.168.1.1, ಯೂಸರ್‌ನೇಮ್ ‘ಅಡ್ಮಿನ್’, ಪಾಸ್‌ವರ್ಡ್ ಕೂಡ ‘ಅಡ್ಮಿನ್’. ಮೂರು ವರ್ಷದ ಹಿಂದೆ ಕನೆಕ್ಷನ್ ಕೊಟ್ಟು ಹೋದ ಹುಡುಗ ಅದನ್ನು ಮುಟ್ಟಿರಲೇ ಇಲ್ಲ. ಇನ್ನು ವೈಫೈ ಪಾಸ್‌ವರ್ಡ್ ಅಂತ ಅವನು ಇಟ್ಟು ಹೋಗಿದ್ದು ಅಪ್ಪನ ಮೊಬೈಲ್ ನಂಬರ್. ನೆನಪಿಡಲು ಸುಲಭ, ನಿಜ. ಆದರೆ ಅದೇ ನಂಬರ್ ನಮ್ಮ ಗೇಟಿಗೆ ತೂಗುಹಾಕಿದ ‘ಮಹಡಿ ಮನೆ ಬಾಡಿಗೆಗಿದೆ’ ಬೋರ್ಡಿನ ಮೇಲೂ ಒಂದು ಗೇಣು ಎತ್ತರದ ಅಕ್ಷರದಲ್ಲಿದೆ!

ಬದಲಾಯಿಸ್ತೀನಿ ಅಂದೆ. ಅಪ್ಪನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. “ಅದಿರಲಿ ಬಿಡೋ, ಸ್ಪೀಡ್ ನೋಡು. ನಮ್ಮನೇಲಿ ಕದಿಯೋಕೆ ಏನಿದೆ?” ಅಂದರು.

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಆ ಸೆಟ್ಟಿಂಗ್ಸ್ ಪುಟವನ್ನೇ ನೋಡುತ್ತಾ ಕೂತಾಗ ಅನಿಸಿತು, ಉತ್ತರ ಇಲ್ಲೇ ಹರಡಿಕೊಂಡಿದೆಯಲ್ಲ ಅಂತ. ಚಾನೆಲ್, ದೇಶ, ಸೆಕ್ಯುರಿಟಿ, ಡಬ್ಲ್ಯುಪಿಎಸ್, ಅಡ್ಮಿನ್ ಪಾಸ್‌ವರ್ಡ್. ನಾವು ಮೇಲಿಂದ ಕೆಳಗೆ ಸರ್ರಂತ ಎಳೆದುಕೊಂಡು ಹೋಗುವ ಈ ಪುಟದಲ್ಲಿ ಎಪ್ಪತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ತಯಾರಕರು ತಾವು ಮಾಡಬೇಕಿದ್ದ ಎಷ್ಟೋ ತೀರ್ಮಾನಗಳನ್ನು ಮಾಡದೆ ನಮ್ಮ ಅಪ್ಪನ ತಲೆಗೆ ಕಟ್ಟಿದ ಕಥೆಯೂ ಇದೆ.

ಮೊದಲು ಚಾನೆಲ್ ನೋಡೋಣ, ಅಪ್ಪನ ದೂರಿಗೆ ಅರ್ಧ ಪರಿಹಾರ ಸಿಕ್ಕಿದ್ದು ಅಲ್ಲೇ. ಅಮ್ಮ ಮೈಕ್ರೋವೇವ್‌ನಲ್ಲಿ ಹಾಲು ಬಿಸಿಗಿಟ್ಟಾಗಲೆಲ್ಲ ಅಪ್ಪನ ಯೂಟ್ಯೂಬ್ ಹರಿಕಥೆ ತಟ್ಟಂತ ನಿಲ್ಲುತ್ತಿತ್ತು. ಇದು ಕಾಕತಾಳೀಯ ಅಲ್ಲ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ರೇಡಿಯೊ ಸಮ್ಮೇಳನ 2.45 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಯಂತ್ರಗಳಿಗೆಂದು ಬಿಟ್ಟುಕೊಟ್ಟಿತು. ಅಂದರೆ ಅಲ್ಲಿ ಮಾತುಕತೆಗಿಂತ ಗದ್ದಲವೇ ಜಾಸ್ತಿ. ರೇಥಿಯಾನ್ ಕಂಪನಿ ಮೊದಲ ಮೈಕ್ರೋವೇವ್ ಒಲೆಯನ್ನು ಮಾರುಕಟ್ಟೆಗೆ ತಂದಿದ್ದೂ ಅದೇ ಹೊತ್ತಿಗೆ. ರೇಡಿಯೊ ಇಂಜಿನಿಯರುಗಳು ಈ ಪಟ್ಟಿಯನ್ನು ‘ಕಸದ ಬ್ಯಾಂಡ್’ ಅಂತಲೇ ಕರೀತಿದ್ದರು. ಬೆಲೆಬಾಳುವ ಜಾಗಗಳನ್ನು ಸೈನ್ಯ, ಟಿವಿ, ವಿಮಾನಗಳೆಲ್ಲ ಹಂಚಿಕೊಂಡಾದ ಮೇಲೆ ಉಳಿದ ಊರಾಚೆಯ ಗೋಮಾಳ ಇದು.

ಆ ಗೋಮಾಳದಲ್ಲಿ ಯಾರು ಬೇಕಾದರೂ ಮೇಯಿಸಬಹುದು ಅಂತ ಬೇಲಿ ತೆಗೆದಿದ್ದು 1985ರ ಮೇ ತಿಂಗಳಲ್ಲಿ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಲ್ಲಿ ಮೈಕೆಲ್ ಮಾರ್ಕಸ್ ಅನ್ನೋ ಇಂಜಿನಿಯರ್ ಇದ್ದರು. ಸೈನ್ಯ ಬಳಸುತ್ತಿದ್ದ ಒಂದು ತಂತ್ರದಲ್ಲಿ ಸಂಕೇತವನ್ನು ಒಂದೇ ತರಂಗದ ಮೇಲೆ ಹೇರದೆ ತೆಳ್ಳಗೆ ಹರಡಿ ಕಳಿಸುತ್ತಿದ್ದರು. ಅದನ್ನು ಜನಸಾಮಾನ್ಯರ ಉಪಕರಣಗಳಿಗೂ ಬಿಡಿ, ಗದ್ದಲದ ನಡುವೆಯೂ ಅದು ಕೆಲಸ ಮಾಡುತ್ತೆ ಅಂತ ಅವರು ವಾದಿಸಿದರು. ಶಕ್ತಿ ಕಡಿಮೆ ಇರಬೇಕು, ಬೇರೆಯವರ ಗಲಾಟೆ ಸಹಿಸಿಕೊಳ್ಳಬೇಕು, ಈ ಷರತ್ತಿಗೆ ಒಪ್ಪಿದರೆ ಲೈಸೆನ್ಸ್ ಬೇಡ. ಈಗ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಲವತ್ತು ವೈಫೈಗಳು ಒಂದರ ಮೇಲೊಂದು ಕೂಗಾಡ್ತಾ ಇದ್ದರೆ ಯಾರಿಗೂ ದೂರು ಕೊಡಲಾಗದಿರುವುದು ಈ ಷರತ್ತಿನಿಂದಲೇ. ಪುಟದಲ್ಲಿ 1ರಿಂದ 13ರವರೆಗೆ ಚಾನೆಲ್ ಕಾಣಿಸುತ್ತವೆ ನಿಜ. ಆದರೆ ಒಂದೊಂದು ಚಾನೆಲ್ಲೂ ಅಕ್ಕಪಕ್ಕದ ನಾಲ್ಕರ ಮೇಲೆ ಕಾಲು ಚಾಚಿ ಮಲಗಿರುತ್ತದೆ. ಹಾಗಾಗಿ ಒಂದಕ್ಕೊಂದು ತಾಗದಂತೆ ಸಾಮಾನ್ಯವಾಗಿ ಬಳಸುವುದು ಮೂರನ್ನೇ: 1, 6, 11. ನಮ್ಮ ಬೀದಿಯ ಅಷ್ಟೂ ಮನೆಗಳು 6ರಲ್ಲಿ ಕೂತಿದ್ದವು. ನಾನು 11ಕ್ಕೆ ಎದ್ದು ಹೋದೆ. ಅಮ್ಮನ ಹಾಲಿನ ಸಮಸ್ಯೆಗೆ 5 ಗಿಗಾಹರ್ಟ್ಸ್ ಆನ್ ಮಾಡಿದೆ.

ದೇಶ ಅನ್ನುವ ಕಾಲಂನಲ್ಲಿ ‘ಇಂಡಿಯಾ’ ಅಂತಿತ್ತು. ಅದರ ಹಿಂದೆಯೂ ಒಂದು ಕಥೆ ಇದೆ. ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ರೇಡಿಯೊ ಲೈಸೆನ್ಸ್ ಪುಸ್ತಕ ಇನ್ನೂ ಇದೆ. ಮನೆಯಲ್ಲಿ ರೇಡಿಯೊ ಇಟ್ಟುಕೊಂಡು ವಾರ್ತೆ ಕೇಳೋದಕ್ಕೂ ಆಗ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ನಿಸ್ತಂತು ಉಪಕರಣವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ ಅಂತ ಬ್ರಿಟಿಷರು 1933ರಲ್ಲಿ ಮಾಡಿದ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಹಾಗೇ ಉಳಿಯಿತು. ಆ ಕಾಯ್ದೆಯ ಕಣ್ಣಲ್ಲಿ ರೌಟರ್ ಕೂಡ ಒಂದು ರೇಡಿಯೊನೇ. ಕಡಿಮೆ ಶಕ್ತಿಯ 2.4 ಗಿಗಾಹರ್ಟ್ಸ್ ಉಪಕರಣಗಳಿಗೆ ಮನೆಯ ಒಳಗೂ ಹೊರಗೂ ಲೈಸೆನ್ಸ್ ಬೇಡ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ಧಾರಾಳವಾಗಿ ಜಾಗ ಬಿಟ್ಟಿದ್ದು 2018ರಲ್ಲಿ.

ಇಷ್ಟರವರೆಗೆ ಒಳ್ಳೆ ಕಥೆ. ಸೆಕ್ಯುರಿಟಿ ಅನ್ನೋ ಕಡೆಗೆ ಬಂದಾಗ ಮನಸ್ಸು ಸ್ವಲ್ಪ ಕಹಿಯಾಗುತ್ತದೆ.

ನಿಸ್ತಂತು ಜಾಲ ಬೇಕು ಅಂತ ಮೊದಲು ಹಟ ಹಿಡಿದವರಲ್ಲಿ ಅಂಗಡಿಗಳ ಕ್ಯಾಶ್ ರಿಜಿಸ್ಟರ್ ಮಾಡುತ್ತಿದ್ದ ಎನ್‌ಸಿಆರ್ ಕಂಪನಿಯವರೂ ಒಬ್ಬರು. ಅಂಗಡಿಯ ಒಳಾಂಗಣ ಬದಲಾದಾಗಲೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಹೊಸದಾಗಿ ವೈರ್ ಎಳೆಯುವ ತಾಪತ್ರಯ ಅವರದು. ಈ ಕೆಲಸ ನಡೆದಿದ್ದು ಅವರ ನೆದರ್ಲೆಂಡ್ಸ್ ಕಚೇರಿಯಲ್ಲಿ. ಅಲ್ಲಿದ್ದ ವಿಕ್ ಹೇಯ್ಸ್, ಎಲ್ಲ ಕಂಪನಿಗಳ ಉಪಕರಣಗಳೂ ಒಂದೇ ಭಾಷೆ ಆಡಬೇಕು ಅಂತ ಐಇಇಇ ಸಂಸ್ಥೆಯಲ್ಲಿ 1990ರಲ್ಲಿ ಶುರುವಾದ 802.11 ಸಮಿತಿಯ ನೇತೃತ್ವ ವಹಿಸಿದರು. ಏಳು ವರ್ಷ ಜಗ್ಗಾಡಿ 1997ರಲ್ಲಿ ಮೊದಲ ಮಾನದಂಡ ಹೊರಬಂತು. ವೇಗ ಸೆಕೆಂಡಿಗೆ ಬರೀ 2 ಮೆಗಾಬಿಟ್. 1999ರಲ್ಲಿ ಅದು 11 ಆಯಿತು. ಅದೇ ವರ್ಷ ಜುಲೈನಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಐಬುಕ್ ಲ್ಯಾಪ್‌ಟಾಪ್ ಎತ್ತಿ ಹಿಡಿದು, ಅದರ ಸುತ್ತ ಒಂದು ಬಳೆಯನ್ನು ತೂರಿಸಿ, ನೋಡಿ ವೈರೇ ಇಲ್ಲ ಅಂತ ತೋರಿಸಿದರು. ನಮ್ಮೂರ ಜಾತ್ರೆಯ ಜಾದೂಗಾರರೂ ಹುಡುಗಿಯನ್ನು ಗಾಳಿಯಲ್ಲಿ ತೇಲಿಸಿ ಹೀಗೇ ಬಳೆ ತೂರಿಸುತ್ತಿದ್ದರು. (ವೈಫೈ ಅನ್ನೋದು ಯಾವುದರ ಸಂಕ್ಷಿಪ್ತ ರೂಪವೂ ಅಲ್ಲ. 802.11ಬಿ ಅಂದರೆ ಯಾರೂ ಕೊಳ್ಳಲ್ಲ ಅಂತ ಉದ್ಯಮದವರು ಒಂದು ಬ್ರ್ಯಾಂಡಿಂಗ್ ಕಂಪನಿಯಿಂದ ಹೆಸರಿಡಿಸಿಕೊಂಡರು, ಅಷ್ಟೇ.)

ವೈರ್ ಇಲ್ಲ ಅಂದರೆ ಗೋಡೆಯೂ ಇಲ್ಲ ಅಂತ ಸಮಿತಿಗೆ ಗೊತ್ತಿತ್ತು. ಅದಕ್ಕೇ ‘ವೆಪ್’ ಅನ್ನೋ ಗೂಢಲಿಪಿ ವ್ಯವಸ್ಥೆ ಸೇರಿಸಿದರು. ವೈರಿನಲ್ಲಿ ಎಷ್ಟು ಗುಟ್ಟು ಇರುತ್ತೋ ಅಷ್ಟೇ ಗುಟ್ಟು ಗಾಳಿಯಲ್ಲೂ ಇರುತ್ತೆ ಅನ್ನೋದು ಆ ಹೆಸರಿನ ಭರವಸೆ. ಆದರೆ ಆಗ ಅಮೆರಿಕ ಸರ್ಕಾರ ಗಟ್ಟಿ ಗೂಢಲಿಪಿಗಳನ್ನು ರಫ್ತಿನ ಮಟ್ಟಿಗೆ ಮದ್ದುಗುಂಡಿನ ಸಾಲಿಗೆ ಸೇರಿಸಿತ್ತು. ಹೊರದೇಶಕ್ಕೆ ಮಾರಬೇಕಾದರೆ ಕೀಲಿ ಸಣ್ಣದಿರಬೇಕು. ಹಾಗಾಗಿ ವೆಪ್‌ನ ಮೂಲ ಕೀಲಿ 40 ಬಿಟ್ಟಿನದ್ದು. ಅದನ್ನು ಆಮೇಲೆ 104ಕ್ಕೆ ಏರಿಸಿದರೂ ನಿಜವಾದ ರೋಗ ಬೇರೆ ಕಡೆ ಇತ್ತು. ಪ್ರತಿ ಪ್ಯಾಕೆಟ್‌ಗೂ ಕೀಲಿ ಬೇರೆ ಕಾಣಲಿ ಅಂತ ಅದರ ಮುಂದೆ 24 ಬಿಟ್ಟಿನ ಒಂದು ಸಂಖ್ಯೆ ಅಂಟಿಸುತ್ತಿದ್ದರು. ಆ ಸಂಖ್ಯೆ ಬಯಲಲ್ಲೇ ಹೋಗುತ್ತಿತ್ತು. 24 ಬಿಟ್ ಅಂದರೆ ಹೆಚ್ಚೆಂದರೆ 1 ಕೋಟಿ 67 ಲಕ್ಷ ಸಂಖ್ಯೆಗಳು. ಕೇಳೋಕೆ ಬೆಟ್ಟದಷ್ಟು, ಆದರೆ ಓಡಾಟ ಜೋರಾಗಿರುವ ಜಾಲದಲ್ಲಿ ಕೆಲವೇ ಗಂಟೆಗಳಲ್ಲಿ ಖಾಲಿ. ಆಮೇಲೆ ಹಳೇ ಸಂಖ್ಯೆಯೇ ಮತ್ತೆ. ಒಂದೇ ಕೀಲಿಯಲ್ಲಿ ಮುಚ್ಚಿದ ಎರಡು ಪತ್ರ ಸಿಕ್ಕರೆ ಎರಡನ್ನೂ ತಾಳೆ ಹಾಕಿ ಒಳಗಿನದನ್ನು ಬಿಡಿಸಬಹುದು. 2001ರಲ್ಲಿ ಇದನ್ನು ಬರ್ಕ್ಲಿಯ ಸಂಶೋಧಕರು ತೋರಿಸಿದರು. ಅದೇ ವರ್ಷ ಫ್ಲುರರ್, ಮಾಂಟಿನ್, ಶಮೀರ್ ಎಂಬ ಮೂವರು ಇನ್ನೂ ಮುಂದೆ ಹೋದರು: ಸಾಕಷ್ಟು ಪ್ಯಾಕೆಟ್ ಕೂಡಿಹಾಕಿದರೆ ಕೀಲಿಯೇ ಕೈಗೆ ಬರುತ್ತೆ ಅಂತ ತೋರಿಸಿದರು. 2007ರ ಹೊತ್ತಿಗೆ ಜರ್ಮನಿಯ ಸಂಶೋಧಕರು ಒಂದು ನಿಮಿಷದೊಳಗೆ ಕೀಲಿ ತೆಗೆಯುತ್ತಿದ್ದರು. ಕಾಫಿ ಸೋಸೋಕೂ ಅದಕ್ಕಿಂತ ಹೊತ್ತು ಬೇಕು.

ಇದೆಲ್ಲ ಪ್ರಯೋಗಾಲಯದ ಆಟ ಅಂದುಕೊಳ್ಳಬೇಡಿ. ಟಿಜೆಎಕ್ಸ್ ಅನ್ನೋ ಅಮೆರಿಕದ ಅಂಗಡಿ ಸರಣಿಯ ಜಾಲಕ್ಕೆ ಕಳ್ಳರು ನುಗ್ಗಿದ್ದು ಅಂಗಡಿಯೊಂದರ ಬಡಕಲು ವೈಫೈ ಮೂಲಕ. 2005ರಲ್ಲಿ ಶುರುವಾದ ಈ ಕಳ್ಳತನ ಬಯಲಾಗಿದ್ದು 2007ರಲ್ಲಿ. ಅಷ್ಟರಲ್ಲಿ ಕಡಿಮೆ ಅಂದರೂ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ಹೋಗಿತ್ತು. ವೆಪ್ ಮುರಿದುಬಿದ್ದಿದೆ ಅಂತ ಗೊತ್ತಾಗಿ ಆಗಲೇ ನಾಲ್ಕು ವರ್ಷವಾಗಿತ್ತು.

ಇಷ್ಟಾದರೂ ನನ್ನ ಸಿಟ್ಟು ವೆಪ್ ಮೇಲಲ್ಲ. ಅದು ತಪ್ಪು ಲೆಕ್ಕ, ಯಾರಿಗಾದರೂ ಆಗುತ್ತೆ. ಸಿಟ್ಟಿರೋದು ಆ ಕಾಲದ ಬಹುಪಾಲು ಮನೆ ರೌಟರುಗಳು ಡಬ್ಬಿಯಿಂದ ಹೊರಬರುವಾಗ ಆ ಮುರುಕು ಬೀಗವನ್ನೂ ಹಾಕಿಕೊಂಡಿರುತ್ತಿರಲಿಲ್ಲ ಅನ್ನೋದರ ಮೇಲೆ. ಡೀಫಾಲ್ಟ್ ಅಂದರೆ ಓಪನ್. 2000ದ ದಶಕದಲ್ಲಿ ಜಗತ್ತಿನ ಯಾವುದೇ ಊರಲ್ಲಿ ಲ್ಯಾಪ್‌ಟಾಪ್ ತೆರೆದರೂ ‘ಲಿಂಕ್‌ಸಿಸ್’, ‘ಡಿ-ಲಿಂಕ್’, ‘ಡೀಫಾಲ್ಟ್’ ಅನ್ನೋ ಹೆಸರಿನ ಬೀಗವಿಲ್ಲದ ಜಾಲಗಳು ಸಿಗುತ್ತಿದ್ದವು. ಯಾಕೆ ಹೀಗೆ? ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಉತ್ತರ ಕಷ್ಟವೇನಲ್ಲ. ಪ್ಲಗ್ ಹಾಕಿದ ಕೂಡಲೇ ನೆಟ್ ಬಂದರೆ ಗಿರಾಕಿ ಖುಷಿ. ಹದಿಮೂರಕ್ಷರದ ಕೀಲಿ ಕೇಳಿದರೆ ಗಿರಾಕಿ ಸಹಾಯವಾಣಿಗೆ ಫೋನ್ ಮಾಡ್ತಾನೆ, ಇಲ್ಲಾಂದ್ರೆ ಡಬ್ಬಿಯನ್ನೇ ವಾಪಸ್ ತಂದುಕೊಡ್ತಾನೆ. ಎರಡೂ ಕಂಪನಿಗೆ ಖರ್ಚು. ಬೀಗವಿಲ್ಲದೆ ಏನಾದರೂ ಆದರೆ ಆ ಖರ್ಚು ಮಾತ್ರ ಬೇರೆಯವರದ್ದು.

ಆ ಬೇರೆಯವರು ಯಾರು ಅಂತ ನಮಗೆ ಗೊತ್ತಾಗಿದ್ದು 2008ರಲ್ಲಿ.

ಜುಲೈ 25, ಶುಕ್ರವಾರ. ಬೆಂಗಳೂರಲ್ಲಿ ಆಗ ಕೆಲಸಕ್ಕಿದ್ದ ಯಾರಿಗಾದರೂ ಈ ದಿನ ನೆನಪಿರುತ್ತದೆ. ಮಧ್ಯಾಹ್ನ ಒಂದಾದ ಮೇಲೊಂದು ಬಾಂಬ್ ಸಿಡಿದವು. ಮಡಿವಾಳದ ಬಸ್ ಸ್ಟಾಪಿನಲ್ಲಿದ್ದ ಒಬ್ಬ ಮಹಿಳೆ ತೀರಿಕೊಂಡರು. ಫೋನ್ ಲೈನುಗಳು ಜಾಮ್ ಆಗಿ ಅಮ್ಮನಿಗೆ ‘ನಾನು ಚೆನ್ನಾಗಿದೀನಿ’ ಅಂತ ಹೇಳೋಕೆ ನನಗೆ ಎರಡು ಗಂಟೆ ಹಿಡಿಯಿತು. ಮರುದಿನ ಸಂಜೆ ಅಹಮದಾಬಾದ್. ಅಲ್ಲಿ ಸತ್ತವರು 50ಕ್ಕೂ ಹೆಚ್ಚು. ಅಲ್ಲಿ ಬಾಂಬ್ ಸಿಡಿಯುವ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್‌ಗಳಿಗೆ ಒಂದು ಇ-ಮೇಲ್ ಬಂತು, ಇಂಡಿಯನ್ ಮುಜಾಹಿದೀನ್ ಹೆಸರಿನಲ್ಲಿ.

ಪೊಲೀಸರು ಆ ಮೇಲ್‌ನ ಐಪಿ ವಿಳಾಸ ಹಿಡಿದು ಹೋದರು. ಅದು ನವಿ ಮುಂಬಯಿಯ ಒಂದು ಅಪಾರ್ಟ್‌ಮೆಂಟಿನ ಬಾಗಿಲಿಗೆ ಬಂದು ನಿಂತಿತು. ಒಳಗಿದ್ದವರು ಅಲ್ಲಿ ಬಾಡಿಗೆಗಿದ್ದ ಅಮೆರಿಕದ ಪ್ರಜೆಯೊಬ್ಬರು, ಹೆಂಡತಿ ಮಕ್ಕಳ ಜೊತೆ ಇದ್ದವರು. ಅವರ ಕಂಪ್ಯೂಟರುಗಳನ್ನು ವಶಪಡಿಸಿಕೊಂಡರು, ದಿನಗಟ್ಟಲೆ ವಿಚಾರಣೆ ನಡೆಸಿದರು, ಅವರ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂತು. ಕಡೆಗೆ ತಿಳಿದಿದ್ದು ಇಷ್ಟು: ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಹತ್ತಿರದಲ್ಲೆಲ್ಲೋ ಕೂತು ಯಾರೋ ಅದನ್ನು ಬಳಸಿಕೊಂಡಿದ್ದರು. ಆಗಸ್ಟಿನಲ್ಲಿ ಇನ್ನೊಂದು ಮೇಲ್ ಮುಂಬಯಿಯ ಕಾಲೇಜೊಂದರ ವೈಫೈನಿಂದ ಹೋಯಿತು. ಸೆಪ್ಟೆಂಬರಿನಲ್ಲಿ ದೆಹಲಿ ಸ್ಫೋಟದ ದಿನ ಬಂದ ಮೇಲ್ ಚೆಂಬೂರಿನ ಕಂಪನಿಯೊಂದರ ವೈಫೈನದ್ದು. ಅಕ್ಟೋಬರಿನಲ್ಲಿ ಮುಂಬಯಿ ಪೊಲೀಸರು ಈ ಮೇಲ್‌ಗಳ ಪ್ರಕರಣದಲ್ಲಿ ಪುಣೆಯ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಬಂಧಿಸಿದರು. ಬೀದಿ ಬೀದಿ ಸುತ್ತಿ ತೆರೆದ ವೈಫೈ ಹುಡುಕಿ ಮೇಲ್ ಕಳಿಸುತ್ತಿದ್ದರು ಅನ್ನೋದು ಪೊಲೀಸರ ಆರೋಪ.

ನಾನಾಗ ಪಿಜಿಯೊಂದರಲ್ಲಿದ್ದೆ. ಆರು ಹುಡುಗರು, ಒಂದು ರೌಟರ್, ಪಾಸ್‌ವರ್ಡ್ ಇಲ್ಲ. ಓನರ್ ಹೆಸರಲ್ಲಿ ಕನೆಕ್ಷನ್. ಪೇಪರ್ ಓದಿದ ಸಂಜೆ ನಾವು ಆರೂ ಜನ ಆ ರೌಟರ್ ಸುತ್ತ ಕೂತು, ಮೊದಲ ಸಲ ಅದರ ಸೆಟ್ಟಿಂಗ್ಸ್ ಪುಟ ತೆರೆದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಾರಿಗೂ ಯಾವುದನ್ನು ಆರಿಸಬೇಕು ಅಂತ ಗೊತ್ತಿರಲಿಲ್ಲ. ಮೊದಲಿಗೆ ಕಂಡದ್ದನ್ನೇ ಆರಿಸಿದೆವು. ಅದು ವೆಪ್!

2009ರ ಜನವರಿಯಲ್ಲಿ ಮುಂಬಯಿ ಪೊಲೀಸರು, ಊರೆಲ್ಲ ತಿರುಗಿ ಬೀಗವಿಲ್ಲದ ವೈಫೈ ಪತ್ತೆಹಚ್ಚಿ ಮಾಲೀಕರಿಗೆ ನೋಟಿಸ್ ಕೊಡ್ತೀವಿ ಅಂದರು. ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ವೈಫೈ ಸುರಕ್ಷಿತವಾಗಿರುವಂತೆ ನೋಡಿಕೊಳ್ಳಿ ಅಂತ ಇಂಟರ್ನೆಟ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ಅನ್ನಬಹುದು. ಆದರೆ ನೋಟಿಸ್ ಯಾರಿಗೆ ಹೋಗುತ್ತಿತ್ತು ನೋಡಿ. ಬೀಗವಿಲ್ಲದ ಡಬ್ಬಿ ಮಾರಿದವರಿಗಲ್ಲ, ಕೊಂಡವರಿಗೆ.

ಅಷ್ಟು ಹೊತ್ತಿಗೆ ಒಳ್ಳೆ ಬೀಗ ಇರಲಿಲ್ಲವೇ? ಇತ್ತು. ವೆಪ್ ಬಿದ್ದ ಮೇಲೆ 2003ರಲ್ಲಿ ಡಬ್ಲ್ಯುಪಿಎ ಬಂತು. ಅದು ಹಳೇ ಯಂತ್ರಗಳಲ್ಲೇ ಓಡಲಿ ಅಂತ ಮಾಡಿದ ತೇಪೆ. 2004ರಲ್ಲಿ ಡಬ್ಲ್ಯುಪಿಎ2 ಬಂತು, ಇದು ನಿಜಕ್ಕೂ ಗಟ್ಟಿ. 2006ರಿಂದ 2020ರವರೆಗೆ ವೈಫೈ ಮುದ್ರೆ ಬೇಕಾದ ಎಲ್ಲ ಹೊಸ ಉಪಕರಣಗಳಿಗೂ ಇದು ಕಡ್ಡಾಯವಾಗಿತ್ತು. ಆದರೆ ಉಪಕರಣದಲ್ಲಿ ಇರಬೇಕು ಅನ್ನೋದು ಬೇರೆ, ಆನ್ ಆಗಿರಬೇಕು ಅನ್ನೋದು ಬೇರೆ. ‘ಡಬ್ಲ್ಯುಪಿಎ/ಡಬ್ಲ್ಯುಪಿಎ2 ಮಿಕ್ಸೆಡ್’ ಅನ್ನೋ ಆಯ್ಕೆ ಅಪ್ಪನ ರೌಟರಿನಲ್ಲಿ ಈಗಲೂ ಇತ್ತು. 2003ರ ತೇಪೆಗೆ ಇನ್ನೂ ಜೀವ!

ಕೀಲಿ ಟೈಪ್ ಮಾಡೋದು ಜನಕ್ಕೆ ಕಷ್ಟ ಅಂತ 2007ರಲ್ಲಿ ಉದ್ಯಮದವರೇ ಒಂದು ಸುಲಭೋಪಾಯ ತಂದರು. ಅದೇ ಡಬ್ಲ್ಯುಪಿಎಸ್. ಬಟನ್ ಒತ್ತಿ, ಇಲ್ಲವೇ ರೌಟರ್ ಬೆನ್ನ ಮೇಲಿನ 8 ಅಂಕಿಯ ಪಿನ್ ಹಾಕಿ. 8 ಅಂಕಿ ಅಂದರೆ 10 ಕೋಟಿ ಸಾಧ್ಯತೆ ಅಲ್ವಾ? ಅಲ್ಲ. ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು, ಅಲ್ಲಿಗೆ 1 ಕೋಟಿ. ಸಾಲದ್ದಕ್ಕೆ ರೌಟರ್ ಮೊದಲ ನಾಲ್ಕು ಅಂಕಿಯನ್ನು ಪ್ರತ್ಯೇಕವಾಗಿ ನೋಡಿ ಸರಿ ತಪ್ಪು ಹೇಳುತ್ತಿತ್ತು, ಆಮೇಲೆ ಉಳಿದ ಮೂರು. ಅಂದರೆ 10,000 ಮತ್ತು 1,000, ಒಟ್ಟು 11,000 ಸಲ ತಡಕಾಡಿದರೆ ಸಾಕು. ಆಸ್ಟ್ರಿಯಾದ ಸ್ಟೆಫಾನ್ ವೀಬಾಕ್ 2011ರ ಡಿಸೆಂಬರಿನಲ್ಲಿ ಇದನ್ನು ಬಯಲು ಮಾಡಿದಾಗ ಎಷ್ಟೋ ರೌಟರುಗಳಲ್ಲಿ ಡಬ್ಲ್ಯುಪಿಎಸ್ ಡೀಫಾಲ್ಟ್ ಆಗಿ ಆನ್ ಇತ್ತು. ಬೀಗ ಇಲ್ಲದಿರುವುದು ಡೀಫಾಲ್ಟ್, ಬೀಗ ಹಾಕಿದರೆ ಪಕ್ಕದ ಕಿಟಕಿ ತೆರೆದಿರುವುದೂ ಡೀಫಾಲ್ಟ್. ನಾನು ಅಪ್ಪನ ರೌಟರಿನಲ್ಲಿ ಮೊದಲು ಆಫ್ ಮಾಡಿದ್ದೇ ಇದನ್ನು.

ಇನ್ನು ಆ ‘ಅಡ್ಮಿನ್, ಅಡ್ಮಿನ್’. ವೈಫೈ ಪಾಸ್‌ವರ್ಡ್ ಬೀದಿಯವರನ್ನು ತಡೆದರೆ ಅಡ್ಮಿನ್ ಪಾಸ್‌ವರ್ಡ್ ಕಾಯೋದು ಡಬ್ಬಿಯನ್ನೇ. 2016ರಲ್ಲಿ ಅಮೆರಿಕದ ಮೂವರು ಹುಡುಗರು ಮಿರಾಯ್ ಅನ್ನೋ ಪ್ರೋಗ್ರಾಮ್ ಬರೆದರು. ಅದರಲ್ಲಿ ಮಹಾ ಜಾಣತನ ಏನೂ ಇರಲಿಲ್ಲ. ಕಾರ್ಖಾನೆಯಿಂದಲೇ ಬರುವ 60 ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಇಂಟರ್ನೆಟ್ಟಿನಲ್ಲಿ ಸಿಕ್ಕ ಕ್ಯಾಮೆರಾ, ರೌಟರುಗಳ ಬಾಗಿಲು ತಟ್ಟಿ ಆ ಪಟ್ಟಿಯನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಿತ್ತು. ಲಕ್ಷಗಟ್ಟಲೆ ಬಾಗಿಲು ತೆರೆದುಕೊಂಡವು. ಅವರು ಅದರ ಕೋಡನ್ನು ಬಯಲಿಗೆ ಬಿಟ್ಟ ಮೇಲೆ, ಅಕ್ಟೋಬರ್ 21ರಂದು ಇಂಥ ಡಬ್ಬಿಗಳೆಲ್ಲ ಒಟ್ಟಿಗೆ ಡಿನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದಾದವು. ಆ ಡಬ್ಬಿಗಳ ಯಜಮಾನರ ಮನೆಯಿಂದ ಏನೂ ಕಳುವಾಗಿರಲಿಲ್ಲ. ಅವರಿಗೆ ಗೊತ್ತೂ ಆಗಿರಲಿಲ್ಲ.

ಆಮೇಲೆ ಕಾನೂನು ಮಾಡುವವರು ಡಬ್ಬಿ ಮಾಡುವವರ ಕಡೆ ತಿರುಗಿದರು. ಪ್ರತಿ ಉಪಕರಣಕ್ಕೂ ಅದರದ್ದೇ ಆದ ಪಾಸ್‌ವರ್ಡ್ ಇರಬೇಕು, ಇಲ್ಲವೇ ಮೊದಲ ಬಳಕೆಯಲ್ಲೇ ಬದಲಾಯಿಸುವಂತೆ ಕೇಳಬೇಕು ಅನ್ನೋ ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿಯಿಂದ ಜಾರಿಗೆ ಬಂತು. ಬ್ರಿಟನ್ನಿನಲ್ಲಿ ಇಂಥದ್ದೇ ಕಾನೂನು 2024ರ ಏಪ್ರಿಲ್‌ನಲ್ಲಿ. ಈಗಿನ ಹೊಸ ರೌಟರುಗಳ ಬೆನ್ನ ಚೀಟಿಯಲ್ಲಿ ಅರ್ಥವಿಲ್ಲದ ಹತ್ತು ಹನ್ನೆರಡು ಅಕ್ಷರಗಳ ಪಾಸ್‌ವರ್ಡ್ ಕಂಡು ಬೈಯ್ಕೋತೀವಲ್ಲ, ಆ ಚೀಟಿ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಅಪ್ಪನದ್ದು ಹಳೇ ಚೀಟಿ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದೆ. ಸೆಕ್ಯುರಿಟಿಯನ್ನು ಡಬ್ಲ್ಯುಪಿಎ2ಗೆ ತಂದೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಆ ಡಬ್ಬಿಯಲ್ಲಿ ಇರಲಿಲ್ಲ. ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಉದ್ದದ ಪಾಸ್‌ವರ್ಡ್ ಇಟ್ಟೆ. ಅಪ್ಪ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕದ ಪಕ್ಕ ಬರೆದುಕೊಂಡರು. ಇರಲಿ, ಗೋಡೆಯ ಒಳಗಿದೆಯಲ್ಲ. ನವಿ ಮುಂಬಯಿಯ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಪೊಲೀಸ್ರು ನಮ್ಮನೇಗೆ ಬರ್ತಿದ್ರಾ?” ಅಂದರು. ಬರಬಹುದಿತ್ತು ಅಂದೆ. ಸುಮ್ಮನಾದರು.

ಸಂಜೆ ಪಟಾಕಿ ಶುರುವಾಗುವ ಹೊತ್ತಿಗೆ ಪಕ್ಕದ ಮನೆಯ ಪಿಯುಸಿ ಹುಡುಗ ಕಾಂಪೌಂಡ್ ಮೇಲಿಂದ ತಲೆ ಹಾಕಿದ. “ಅಂಕಲ್, ಬೆಳಗ್ಗೆಯಿಂದ ವೈಫೈ ಹೋಗಿದೆ, ನಿಮ್ಗೂ ಹೋಗಿದ್ಯಾ?”

ಅಪ್ಪ ನನ್ನ ಮುಖ ನೋಡಿದರು. ನಾನು ಮತ್ತೆ 192.168.1.1 ತೆರೆದು, ಗೆಸ್ಟ್ ನೆಟ್‌ವರ್ಕ್ ಅನ್ನೋದು ಎಲ್ಲಿದೆ ಅಂತ ಹುಡುಕಿ, ಅದಕ್ಕೆ ಬೇರೆ ಪಾಸ್‌ವರ್ಡ್ ಹಾಕಿದೆ. ಹೆಸರೇನಿಡಲಿ ಅಂತ ಕೇಳಿದ್ದಕ್ಕೆ ಅಡುಗೆಮನೆಯಿಂದ ಅಮ್ಮ, “ಪಕ್ಕದ್ಮನೆ ಅಂತ ಇಡು” ಅಂದಳು.